ಎಲೆಯಂಚಿನ ಸುಣ್ಣ

ಸುತ್ತಲ ಬಂಡೆಗಳನ್ನೆಲ್ಲ ಒಡೆದು ಜಲ್ಲಿ ಮಾಡಿದ ಮೇಲೆ, ಕನಕಪುರ ರಸ್ತೆಯ ಹೊಸ ಕಾರ್ಖಾನೆಯವರಿಗೆ ಕಲ್ಲಿನ ಮೇಲೆ ಪ್ರೀತಿ ಹುಟ್ಟಿತು. ಗಾಜಿನ ಕೋಣೆ ಕಟ್ಟಿಸಿ, ಹಗಲಿರುಳು ಎಸಿ ಹಾಕಿ, ಒಳಗೊಂದು ಕಲ್ತೋಟ ಮಾಡಿದರು. ಕಲ್ಲಿನ ಸಂದಿಯಲ್ಲಿ ಯಾವುದೋ ಹಿಮದ ಬೆಟ್ಟದಿಂದ ಬಂದ ಅಂಗೈಯಗಲದ ಗಿಡ. ಸಾಸಿವೆಗಿಂತ ತುಸು ದೊಡ್ಡ ಬಿಳಿ ಹೂ. ಅದಕ್ಕೆ ನೀರುಣಿಸುವ ಕೆಲಸ ಮಾಯಮ್ಮನಿಗೆ ಸಿಕ್ಕಿತು.

ಮೊದಲ ದಿನವೇ ಬಗ್ಗಿ ನೋಡಿದಳು. ಎಲೆಯಂಚಿನುದ್ದಕ್ಕೂ ಬಿಳಿ ಚುಕ್ಕೆ. ಕೆರೆದರೆ ಪುಡಿ.

ಸುಣ್ಣಕಟ್ಟು! ರೇಷ್ಮೆಹುಳವನ್ನು ಬಳಪದ ಹಾಗೆ ಸೆಟೆಯುವಂತೆ ಮಾಡುವ ರೋಗ. ಒಂದು ತಟ್ಟೆಗೆ ತಗುಲಿದರೆ ಹುಳುಮನೆಯನ್ನೇ ಗುಡಿಸಿಹಾಕುತ್ತದೆ. ಮನೆಯಲ್ಲಿ ಅವಳ ಹುಳುಗಳು ಗೂಡು ಕಟ್ಟುವ ಮುಂಚಿನ ಕೊನೆಯ ಸೊಪ್ಪು ಮೇಯುತ್ತಿದ್ದವು. ಪುಡಿ ಅವಳ ಉಗುರಿನಲ್ಲಿತ್ತು.

"ರೋಗ ಅಲ್ಲ ಕಣಮ್ಮ, ಅದರ ಗುಣವೇ ಹಂಗೆ. ನಾವು ಬೆವರ್ತೀವಲ್ಲ, ಅದು ಸುಣ್ಣ ಬೆವರುತ್ತೆ," ಎಂದು ಸೂಪರ್‌ವೈಸರ್ ಜಯಕುಮಾರ್ ನಕ್ಕ.

ಕಾರ್ಖಾನೆಯ ಹೊಗೆಯಿಂದ ಹಿಪ್ಪುನೇರಳೆಗೆ ಏನೂ ಆಗುವುದಿಲ್ಲ ಎಂದಾಗಲೂ ಅವನು ಹೀಗೇ ನಕ್ಕಿದ್ದ.

ಸಂಜೆ ಮನೆಯಂಗಳದಿಂದಲೇ ಆ ಬಿಳಿ ಪುಡಿಯ ವಿಷಯ ಹೇಳಿದಾಗ ಗಂಡ ಪುಟ್ಟಲಿಂಗಯ್ಯ ಬಾಗಿಲಲ್ಲೇ ತಡೆದ. "ಅಲ್ಲೇ ನಿಂತ್ಕೊ! ಸೀರೆ ಕುದಿಯೋ ನೀರಿಗಾಕು. ಸಾಹೇಬ್ರ ಗಿಡಕ್ಕೆ ಎಸಿ, ನನ್ನ ಹುಳಕ್ಕೆ ಸಾವಾ?"

ಅಂದಿನಿಂದ ಅವಳ ಊಟ, ನಿದ್ದೆ ಕೊಟ್ಟಿಗೆಯಲ್ಲಿ. ಉಗುರನ್ನು ರಕ್ತ ಬರುವಷ್ಟು ಕತ್ತರಿಸಿಕೊಂಡಳು. ಸಂಜೆ ಹುಳುಮನೆಯ ಗೋಡೆಗೆ ಕಿವಿಯಿಟ್ಟು ಕೂರುತ್ತಿದ್ದಳು. ಒಳಗೆ ಸೊಪ್ಪು ಮೇಯುವ ಚರಚರ ಸದ್ದು ಇರುವತನಕ ಹುಳು ಬದುಕಿವೆ.

ಒಂದು ಸಂಜೆ ಸದ್ದಿರಲಿಲ್ಲ.

ಕಿವಿಯನ್ನು ಗೋಡೆಗೆ ಇನ್ನಷ್ಟು ಒತ್ತಿದಳು. ಅಷ್ಟರಲ್ಲಿ ಪುಟ್ಟಲಿಂಗಯ್ಯನೇ ಹೊರಗೆ ಬಂದ.

"ಹುಳ ಹಣ್ಣಾಗವೆ ಕಣಮ್ಮಿ! ಮೇವು ಬುಟ್ಟವೆ, ಗೂಡು ಕಟ್ಟಕ್ಕೆ ನಿಂತವೆ. ಚಂದ್ರಿಕೆ ತತ್ತಾ!"

ಗೂಡು ಕಟ್ಟಿಸುವ ಆ ಬಿದಿರು ತಟ್ಟೆಯನ್ನು ಕೈಗೆ ಸೆರಗು ಸುತ್ತಿಕೊಂಡು ತಂದಳು. ಹೊಸ್ತಿಲ ಹೊರಗೇ ಇಟ್ಟು ಹಿಂದೆ ಸರಿದಳು.

"ಒಳೀಕ್ ಬಾರೆ, ಇನ್ನೇನು ಭಯ?"

"ಮೂಲೆ ತಟ್ಟೇಲಿ ಒಂದೂ ಸೆಟ್ಕೊಂಡಿಲ್ವಾ? ಸೊಪ್ಪಿನಡೀಲೆಲ್ಲ ನೋಡಿದ್ರಾ?"

"ನೋಡಿವ್ನಿ ಹೋಗೆ, ಹುಚ್ಚಿ," ಎಂದು ನಗುತ್ತ ಒಳಗೆ ಹೋದವನು ಚಂದ್ರಿಕೆಯನ್ನು ಗೋಡೆಗೆ ಒರಗಿಸಿ, ದೀಪ ತಗ್ಗಿಸಿ ಹಿಡಿದು, ಮೂಲೆಯ ತಟ್ಟೆಯ ಸೊಪ್ಪನ್ನು ಒಂದೊಂದಾಗಿ ಎತ್ತಿ ನೋಡತೊಡಗಿದ.