ಪೆನ್ಸಿಲ್ ಗೆರೆಯ ಎತ್ತರ

"ಇನ್ನು ತಿರುಗಿಸ್ಬೇಡ ಕಣೋ, ಮಂಚ ಮುರಿದು ಬಿದ್ದೀತು," ಎಂದಳು ಮಾರ್ಲಿಸ್.

ತಮ್ಮ ವೆಂಡೆಲ್ ಹಿಡಿಕೆ ಬಿಟ್ಟ. ಆಸ್ಪತ್ರೆಯವರು ಮನೆಗೆ ತಂದಿಟ್ಟಿದ್ದ ಮಂಚ ಏರುವಷ್ಟು ಏರಿಯಾಗಿತ್ತು. ಅದರ ಮೇಲೆ ಅಂಗಾತ ಮಲಗಿದ್ದ ಅವರ ತಾಯಿ ಆರ್ಲೀನ್ ಚಾವಣಿಯನ್ನೇ ನೋಡುತ್ತಿದ್ದಳು. ಗೋಡೆಯೊಳಗಿನ ಗಾಜಿನ ತೊಟ್ಟಿಯಿಂದ ನೀರಿನ ಬೆಳಕು ಅಲ್ಲಿಗೆ ಹಾರಿ ಅಲೆಯಾಡುತ್ತಿತ್ತು.

"ಏನು ಕಾಣತ್ತಮ್ಮಾ?" ಎಂದ ವೆಂಡೆಲ್.

"ಬೆಳಕು. ಚೆನ್ನಾಗಿದೆ."

"ಮೀನು?"

"ಇದೆ ಅಂತ ನೀನು ಹೇಳ್ತಿದ್ದೀಯಲ್ಲ. ಇಷ್ಟು ವರ್ಷ ಚರ್ಚಿಗೆ ಹೋದೋಳು, ಕಾಣದ್ದನ್ನ ನಂಬೋದು ನನಗೇನು ಕಷ್ಟ ಅಲ್ಲಪ್ಪಾ."

ಮಾರ್ಲಿಸ್ ನಕ್ಕುಬಿಟ್ಟಳು. ವೆಂಡೆಲ್ ನಗಲಿಲ್ಲ.

ಅಮೆರಿಕದ ಒಳನಾಡಾದ ನೆಬ್ರಾಸ್ಕಾದ ಆ ಊರಿನಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ದೂರವೇ. ಶಾಲೆಯ ಅಡುಗೆಮನೆಯಲ್ಲಿ ಊರ ಮಕ್ಕಳಿಗೆಲ್ಲ ಬಡಿಸಿ ಸವೆದ ಆರ್ಲೀನ್ ಅದನ್ನು ಒಮ್ಮೆಯೂ ಕಂಡಿರಲಿಲ್ಲ. ಗೋಡೆಗೇ ತಂದುಕೊಡುತ್ತೇನೆ ಎಂದು ವೆಂಡೆಲ್ ಗೋಡೆ ಒಡೆದಿದ್ದ. ಹಂದಿ ಕಡಿಯುವ ಕಾರ್ಖಾನೆಯಲ್ಲಿ ದಿನವಿಡೀ ಕತ್ತಿ ಹಿಡಿದ ಕೈಯಲ್ಲೇ ಸಂಜೆ ರಂಧ್ರ ಕೊರೆಯುತ್ತಿದ್ದ. ಮೂರು ಚಳಿಗಾಲ ಕಳೆದವು. ಆಮೇಲೆ ನೀರಿಗೆ ಉಪ್ಪು ಬೆರೆಸಿ, ಒಂದು ಹಸಿ ಸೀಗಡಿಯನ್ನು ಅದರಲ್ಲೇ ಕೊಳೆಯಲು ಬಿಟ್ಟು ಕಾದ. ಕೊಳೆತದ್ದರ ವಿಷವನ್ನು ಅರಗಿಸಿಕೊಳ್ಳಲು ನೀರು ಕಲಿಯಬೇಕು. ಅಲ್ಲಿಯವರೆಗೆ ಬಿಟ್ಟ ಮೀನು ಬದುಕುವುದಿಲ್ಲ. "ತಿನ್ನೋ ಸೀಗಡಿನ ಹಾಳು ಮಾಡ್ತೀಯಲ್ಲೋ, ನಿನ್ನ ತಲೆ!" ಎಂದು ಆರ್ಲೀನ್ ಬೈದಿದ್ದಳು. ಆಗ ಓಡಾಡುತ್ತಿದ್ದಳು. ನೀರು ಪಕ್ವವಾಗುವಷ್ಟರಲ್ಲಿ ಕ್ಯಾನ್ಸರ್ ಬೆನ್ನೆಲುಬಿಗೆ ಇಳಿದಿತ್ತು. ಒರಗಿಸಿ ಕೂರಿಸಲೂಬಾರದು ಎಂದಿದ್ದರು ವೈದ್ಯರು.

ವೆಂಡೆಲ್ ಕಾರ್ಖಾನೆಯಲ್ಲಿ ರಜೆ ಕೇಳಿದ. "ತಾಯಿ ತೀರಿಕೊಂಡ್ರೆ ರಜೆ ಇದೆ. ತೀರಿಕೊಳ್ತಾ ಇದ್ರೆ ಇಲ್ಲ," ಎಂದ ಮೇಸ್ತ್ರಿ, ಗಡಿಯಾರ ನೋಡುತ್ತಾ. ಸಾಲಿನಲ್ಲಿ ಹಂದಿಗಳು ಮಾತ್ರ ನಿಲ್ಲಬಾರದು.

ಇಂಥ ತೊಟ್ಟಿ ಕಟ್ಟುವವರು ಅದನ್ನು ನಿಂತವರ ಕಣ್ಣಿನ ಮಟ್ಟಕ್ಕೆ ಕೂರಿಸುತ್ತಾರೆ. ವೆಂಡೆಲ್ ತಾಯಿಯನ್ನೇ ಗೋಡೆಗೆ ನಿಲ್ಲಿಸಿ, ಅವಳ ಕಣ್ಣಿನ ನೇರಕ್ಕೆ ಪೆನ್ಸಿಲ್ ಗೆರೆ ಎಳೆದಿದ್ದ. ಗೆರೆ ಗಾಜಿನ ಪಕ್ಕದಲ್ಲಿ ಇನ್ನೂ ಇತ್ತು. ಮಲಗಿದವಳಿಗೆ ಕಾಣುತ್ತಿದ್ದದ್ದು ಅಗಲವಾದ ಮರದ ಚೌಕಟ್ಟಿನ ತಳ, ಅದರಾಚೆ ಬೆಳಕು, ಅಷ್ಟೇ.

"ಇಷ್ಟು ಅಳೆದೆ," ಎಂದ ವೆಂಡೆಲ್. "ಮಲಗ್ತಾಳೆ ಅಂತ ಮಾತ್ರ ಅಳೀಲಿಲ್ಲ."

"ಯಾರು ಅಳೀತಾರೋ ಅದನ್ನ?" ಎಂದಳು ಮಾರ್ಲಿಸ್. "ಕೆಳಗಿಳಿಸೋಕೆ ಆಗತ್ತಾ?"

"ಇಳಿಸಿದ್ರೆ ಮನೆಯೆಲ್ಲಾ ಸಮುದ್ರ." ಅವನು ಗ್ಯಾರೇಜಿಗೆ ಹೋಗಿ, ತೊಟ್ಟಿಯ ಪೀಠಕ್ಕೆ ತಂದು ಉಳಿದಿದ್ದ ದಪ್ಪ ತೊಲೆತುಂಡುಗಳನ್ನು ಹೊತ್ತು ತಂದ. "ಅಮ್ಮನ್ನೇ ಏರಿಸೋಣ."

"ನರ್ಸ್ ಬಂದು ನೋಡಿದ್ರೆ ನನ್ನ ಚರ್ಮ ಸುಲೀತಾಳೆ."

"ನನ್ನನ್ನ ತೋರಿಸು. ನಂದು ಆಗ್ಲೇ ಸುಲಿದಾಗಿದೆ."

ಚಕ್ರ ಕಳಚಿದರು. ಮಾರ್ಲಿಸ್ ಒಂದೊಂದೇ ಮೂಲೆ ಎತ್ತಿ ಹಿಡಿದಳು. ವೆಂಡೆಲ್ ಕಾಲಿನಡಿ ತುಂಡು ತೂರಿಸಿ, ಒಂದಕ್ಕೊಂದು ಸೇರಿಸಿ ಮೊಳೆ ಹೊಡೆದ. ಮಂಚ ಓರೆಯಾದಾಗ ಆರ್ಲೀನ್ ಹಲ್ಲು ಕಚ್ಚಿದಳು. ನೋವು ಇಳಿದ ಮೇಲೆ ಕೇಳಿದಳು, "ನನ್ನ ಹೆಣದ ಪೆಟ್ಟಿಗೆ ಹೊರೋ ಅಭ್ಯಾಸಾನೇನ್ರೋ? ಕಾಲಿನ ಕಡೆ ಜೋಲ್ತಾ ಇದೆ."

"ಬಾಯಿ ಮುಚ್ಚಮ್ಮಾ," ಎಂದಳು ಮಾರ್ಲಿಸ್, ಅಳುತ್ತಾ, ನಗುತ್ತಾ.

ಇಬ್ಬರೂ ಸೇರಿ ಅವಳನ್ನು ಮೆಲ್ಲಗೆ ಮಗ್ಗುಲಾಗಿಸಿ, ಬೆನ್ನಿಗೆ ದಿಂಬು ಕೊಟ್ಟರು. ಈಗ ಅವಳ ಕಣ್ಣು ಗೆರೆಗೆ ಹತ್ತಿರ ಬಂದಿತ್ತು. ನೀಲಿ ನೀರು, ಬಿಳಿ ಮರಳು, ಬಂಡೆ. ಮೀನಿಲ್ಲ. ವೆಂಡೆಲ್ ಅವತ್ತು ಕೆಲಸ ಮುಗಿಸಿ ತಂದು ಬಿಟ್ಟಿದ್ದ ಒಂದೇ ಒಂದು ಹಳದಿ ಮೀನು ಬಂಡೆಯ ಹಿಂದೆ ಅವಿತಿತ್ತು.

"ಹೊಸ ಜಾಗ ಅಲ್ವಾ, ಹೆದರಿದೆ," ಎಂದ ಅವನು ಸೋತ ದನಿಯಲ್ಲಿ.

"ಹೆದರ್ಲಿ ಬಿಡು. ನಾನೇನು ಎಲ್ಲಿಗೂ ಎದ್ದು ಹೋಗಲ್ಲ."

ಅವನು ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತ. ಕೂತಲ್ಲೇ ತಲೆ ವಾಲಿತು. ಮರದ ಪುಡಿ ಕೂದಲಲ್ಲೇ ಇತ್ತು. ಸುತ್ತಿಗೆ ಕೈಯಲ್ಲೇ ಇತ್ತು.

ಬಂಡೆಯ ಅಂಚಿನಿಂದ ಹಳದಿ ಮೂತಿಯೊಂದು ಇಣುಕಿತು, ಹಿಂದೆ ಸರಿಯಿತು, ಮತ್ತೆ ಇಣುಕಿತು. ಆಮೇಲೆ ಇಡೀ ಮೀನು ಗಾಜಿನವರೆಗೂ ಬಂದು ನಿಂತಿತು.

ಮಾರ್ಲಿಸ್ ತಮ್ಮನ ಹೆಗಲು ಅಲುಗಿಸಲು ಬಗ್ಗಿದಳು. ಆರ್ಲೀನ್ ನೀರಿನಿಂದ ಕಣ್ಣು ತೆಗೆಯದೆ, ಮಗಳ ತೋಳನ್ನು ಹಿಡಿದು ತಡೆದಳು.