ಆರು ಗಂಟೆಯ ಪುಶ್

"ಅಕ್ಕ, ನೀವು ದಿನಾ ಸಂಜೆ ಆರಕ್ಕೇ ಕೆಲಸ ನಿಲ್ಲಿಸ್ತೀರಿ ಅಂತ ಇದರಲ್ಲಿ ಉಂಟಲ್ಲ," ಎಂದು ಆದೀಶ ಲ್ಯಾಪ್‌ಟಾಪನ್ನು ಪ್ರಭಾವತಿಯ ಕಡೆಗೆ ತಿರುಗಿಸಿದ.

ಪ್ರಭಾವತಿಗೆ ಮೈಯೆಲ್ಲ ಉರಿದುಹೋಯಿತು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರ, ಬಟ್ಟೆ ಅಂಗಡಿಯ ಮಾಳಿಗೆಯಲ್ಲಿರುವ ಆ ಪುಟ್ಟ ಸಾಫ್ಟ್‌ವೇರ್ ಕಂಪನಿಯಲ್ಲಿ ಜೈನರ ಕ್ರಮದಂತೆ ಸೂರ್ಯ ಮುಳುಗುವ ಮೊದಲೇ ಉಣ್ಣುವವರು ಇಬ್ಬರೇ ಇಬ್ಬರು. ಒಬ್ಬಳು ಅವಳು, ಇನ್ನೊಬ್ಬ ಯಜಮಾನನಾದ ಇದೇ ಆದೀಶ. ದಿನವೂ ಎದುರಿಗೆ ಕೂತು, ಅವಳ ಬುತ್ತಿಯ ಹೆಸರುಕಾಳಿನ ಗಸಿಯನ್ನು ಕೇಳಿ ಬಡಿಸಿಕೊಂಡು ಉಣ್ಣುವವನು. ಕೈತೊಳೆದು ಅವಳು ಮತ್ತೆ ಕಂಪ್ಯೂಟರಿನ ಮುಂದೆ ಕೂರುವುದನ್ನೂ, ಎಂಟೂವರೆಗೆ ಪುತ್ತಿಗೆಯ ಬಸ್ಸಿಗೆ ಓಡುವುದನ್ನೂ ಕಣ್ಣಾರೆ ಕಂಡವನು. ಈಗ ಗ್ರಾಫು ತೋರಿಸುತ್ತಾನೆ, ಪುಣ್ಯಾತ್ಮ.

ತಪ್ಪು ಎಲ್ಲಿ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಲ್ಲರ ಕೋಡನ್ನು ಒಟ್ಟಿಗೆ ಇಡುವ ತಾಣವನ್ನೂ ಕೆಲಸದ ಹೊತ್ತು ಅಳೆಯುವ ಆ್ಯಪನ್ನೂ ಒಂದಕ್ಕೊಂದು ಜೋಡಿಸಿದವಳು ಸಹೋದ್ಯೋಗಿ ವಿಸ್ಮಿತಾ. ಬೆಳಿಗ್ಗೆ ಕೆಲಸ ಎತ್ತಿಕೊಂಡರೆ ಗಡಿಯಾರ ತಾನಾಗಿ ಶುರು. ಸಂಜೆ ಐದರ ಮೇಲೆ ಕೋಡನ್ನು ತಾಣಕ್ಕೆ ಕಳಿಸಿದರೆ, ಅಂದರೆ ಪುಶ್ ಮಾಡಿದರೆ, ಆ ದಿನಕ್ಕೆ ಬಂದ್. ಉಳಿದವರೆಲ್ಲ ಪುಶ್ ಮಾಡಿ ಚೀಲ ಹೆಗಲಿಗೇರಿಸುವವರು. ವಿಸ್ಮಿತಾ ಕೂಡ ಐದೂವರೆಗೇ ಬಂಟ್ವಾಳದ ಬಸ್ಸು ಹಿಡಿಯುವವಳು. ಆಮೇಲಿನದು ಅವಳಿಗೇನು ಗೊತ್ತು. ಪ್ರಭಾವತಿಗೆ ಮಾತ್ರ ಕೆಲಸವನ್ನು ಅರ್ಧಕ್ಕೆ ಹರಡಿಟ್ಟು ಉಣ್ಣಲು ಕೂತರೆ ಅನ್ನ ಇಳಿಯದು. ಆರಕ್ಕೆ ಪುಶ್ ಮಾಡಿಯೇ ಏಳುತ್ತಿದ್ದಳು. ಊಟದ ನಂತರ ದುಡಿದದ್ದೆಲ್ಲ ಆರು ತಿಂಗಳಿಂದ ನೀರುಪಾಲು.

ಒಂಬತ್ತು ವರ್ಷ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ, ಪ್ರತಿ ಜೂನಿನಲ್ಲೂ ಹೊಸ ಅರ್ಜಿ ಬರೆದು ಬರೆದು ಸಾಕಾಗಿ ಇಲ್ಲಿಗೆ ಬಂದವಳು ಅವಳು. ಇಲ್ಲಿಯ ಆರು ತಿಂಗಳ ಪ್ರೊಬೇಷನ್ ಇವತ್ತಿಗೆ ಮುಗಿಯುತ್ತದೆ. ಕಾಯಂ ಪತ್ರ ಟೈಪಾಗಿ ಮೇಜಿನ ಮೇಲೇ ಇದೆ.

"ನೀವೇ ನೋಡ್ತೀರಲ್ಲ ಆದೀಶ್, ಊಟ ಆಗಿ ನಾನು ಪುನಃ ಕೂತುಕೊಳ್ಳುವುದಿಲ್ವಾ?"

"ನೋಡ್ತೇನೆ ಅಕ್ಕ, ಇಲ್ಲ ಅಂತ ಹೇಳುವುದಿಲ್ಲ. ಆದರೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುವ ಕ್ಲೈಂಟಿಗೆ ನಾನು ನೋಡಿದ್ದನ್ನು ಕಳಿಸ್ಲಿಕ್ಕೆ ಆಗ್ತದಾ?"

ಗ್ರಾಫು ಸರಿ ಬರಲಿ, ಆಮೇಲೆ ಸಹಿ ಹಾಕುವ ಎಂದು ಪತ್ರವನ್ನು ಡ್ರಾಯರಿಗೆ ಸೇರಿಸಿದ. ವಿಸ್ಮಿತಾಳನ್ನು ಕೇಳಿದರೆ, ಪಾಪ, ಮುಖ ಸಣ್ಣ ಮಾಡಿಕೊಂಡು, ಮುಂದಿನ ವಾರ ಸರಿಮಾಡುತ್ತೇನೆ ಪ್ರಭಕ್ಕ ಎಂದಳು. ಪ್ರಭಾವತಿಗೆ ಅಳುವೂ ಬಂತು, ಅಳುವುದಕ್ಕೆ ನಾಚಿಕೆಯೂ ಆಯಿತು. ಮಧ್ಯಾಹ್ನದ ಮೇಲೆ ಕೀಬೋರ್ಡು ಮುಟ್ಟಲಿಲ್ಲ. ಮುಟ್ಟದ ಮೇಲೆ ಸಂಜೆ ಪುಶ್ ಮಾಡಲು ಏನಿರುತ್ತದೆ? ಆರಕ್ಕೆ ಸುಮ್ಮನೆ ಎದ್ದು ಎರಡು ತುತ್ತು ತಿಂದು, ಆರೂವರೆಗೆ ಮೆಟ್ಟಿಲಿಳಿದಳು. ಆದೀಶ ಕೆಟ್ಟವನಲ್ಲ. ಜೊತೆಗೇ ಇಳಿದು ಬಂದು, ಬೇಸರ ಮಾಡಬೇಡಿ ಎಂದು ಸಮಾಧಾನ ಹೇಳಿ, ಬಸ್ಸು ಬರುವವರೆಗೂ ನಿಂತಿದ್ದ.

ಪುಶ್ ಇಲ್ಲದ ಗಡಿಯಾರ ಮಾತ್ರ ಅವಳು ಮನೆ ಸೇರಿ, ದೀಪ ಆರಿಸಿ ಮಲಗಿದ ಮೇಲೂ ಓಡುತ್ತಲೇ ಇತ್ತು. ನಡುರಾತ್ರಿಗೆ ದಿನ ಬದಲಾದಾಗಲೇ ನಿಂತದ್ದು.

ಬೆಳಿಗ್ಗೆ ಅವಳು ಬರುವಾಗ ಆದೀಶ ಪತ್ರವನ್ನು ಹೊರಗೆ ತೆಗೆದು, ತನ್ನ ಸಹಿ ಹಾಕಿಟ್ಟು ಕಾಯುತ್ತಿದ್ದ. ಗ್ರಾಫಿನಲ್ಲಿ ಅವಳ ಗೆರೆ ಎಲ್ಲರದನ್ನೂ ಮೀರಿ ಹೋಗಿತ್ತು. ವರದಿ ತಾನಾಗಿ ಕ್ಲೈಂಟಿಗೂ ಹೋಗಿತ್ತು, ಅವರಿಂದ ಮೆಚ್ಚುಗೆಯ ಮೇಲ್ ಕೂಡ ಬಂದಿತ್ತು.

"ನೋಡಿ ಅಕ್ಕ, ಮನಸ್ಸು ಮಾಡಿದ್ರೆ ಆಗ್ತದೆ."

ಪ್ರಭಾವತಿ ಕೂರಲಿಲ್ಲ. "ನಿನ್ನೆ ಮಧ್ಯಾಹ್ನದ ಮೇಲೆ ನಾನು ಒಂದು ಸಾಲೂ ಬರೆಯಲಿಲ್ಲ ಆದೀಶ್. ಆರೂವರೆಗೆ ನನ್ನನ್ನು ಬಸ್ಸು ಹತ್ತಿಸಿದ್ದು ನೀವೇ."

ಆದೀಶ ಅವಳನ್ನು ನೋಡಿದ. ಪರದೆಯನ್ನು ನೋಡಿದ. ಮತ್ತೊಮ್ಮೆ ಅವಳನ್ನು ನೋಡಿದ. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಸಹಿಗೆಂದು ಅವಳ ಕಡೆಗೆ ನೀಡಿದ.