ಫಕೀರವ್ವನ ಬಾಗಿಲಿನ ಪಾಯಿಂಟ್ ಪುಸ್ತಕ

ನಾನು ಪೊಲೀಸರ ಒಂದು ಪಾಯಿಂಟ್ ಪುಸ್ತಕ. ಖಾಕಿ ರಟ್ಟು, ಮೂಲೆಯಲ್ಲೊಂದು ತೂತು, ತೂತಿಗೆ ಸುತಳಿ. ಜೈಲಿನ ಮುದ್ರಣಾಲಯದಲ್ಲಿ ಕೈದಿಗಳು ನನ್ನನ್ನು ಹೊಲಿದರು. ಗಸ್ತಿನ ಪೇದೆ ತಪ್ಪದೆ ಬಂದು ಹೋಗಬೇಕಾದ ಜಾಗಕ್ಕೆ ಪಾಯಿಂಟ್ ಎನ್ನುತ್ತಾರೆ. ಅಲ್ಲಿ ನಾನು ತೂಗಾಡುತ್ತಿರುತ್ತೇನೆ. ಪೇದೆ ಬಂದು ತಾರೀಖು, ವೇಳೆ, ಕಂಡದ್ದು ಬರೆದು ಸಹಿ ಹಾಕಬೇಕು.

ನನ್ನ ಜೊತೆ ಹುಟ್ಟಿದವರೆಲ್ಲ ಬ್ಯಾಂಕಿಗೆ, ಬಂಗಾರದ ಅಂಗಡಿಗೆ, ಶಾಸಕರ ಮನೆಗೆ ಹೋದರು. ನಾನೊಬ್ಬನೇ ತಗಡಿನ ಮನೆಗೆ ಬಂದೆ.

ಅದು ಫಕೀರವ್ವನ ಮನೆ. ಊರ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವುದು ಅವಳ ಕೆಲಸ. ಅಲ್ಲಿಯೇ ದುರಗಪ್ಪ ಎಂಬ ಹಮಾಲ ದಲಾಲಿ ಅಂಗಡಿಯ ಕೊಡಕ್ಕೆ ಕೈ ಹಾಕಿ ನೀರು ಕುಡಿದ. ದಲಾಲನ ಮಕ್ಕಳು ಅವನನ್ನು ಹೊಡೆದು ಕೊಂದರು. ನೋಡಿದವರು ನಲವತ್ತು ಜನ. ನೋಡಿದೆ ಎಂದವಳು ಫಕೀರವ್ವ ಒಬ್ಬಳೇ. ಅವಳದೂ ದುರಗಪ್ಪನ ಕೇರಿಯೇ.

ಆಮೇಲೆ ಓಣಿಯಲ್ಲಿ ಮೋಟರ್‌ಸೈಕಲ್ಲುಗಳು ಸುತ್ತತೊಡಗಿದವು. ಅವಳು ಠಾಣೆಗೆ ಬಂದಾಗ ನಾನು ಸಾಹೇಬರ ಮೇಜಿನ ಮೇಲಿದ್ದೆ.

"ಸಾಕ್ಷಿ ಹೇಳಾಕ ನಾಲಿಗಿ ಬೇಕಲ್ಲವ್ವಾ ಅಂದು ಹ್ವಾದ್ರು ಸಾಹೇಬ್ರ. ನನಗ ಒಬ್ಬರನ್ನ ಕಾವಲಿಗೆ ಕೊಡ್ರಿ."

"ಒಬ್ಬೊಬ್ಬರ ಬಾಗಲಕ್ಕ ಒಬ್ಬೊಬ್ಬ ಪೊಲೀಸನ್ನ ನಿಲ್ಲಸಾಕ ಎಲ್ಲಿಂದ ತರ್ಲಿಬೇ? ಪಾಯಿಂಟ್ ಹಾಕಸ್ತೀನಿ. ದಿನಾ ಎರಡ ಸಲ ಪೇದೆ ಬರ್ತಾನ," ಎಂದರು ಸಾಹೇಬರು. ನನ್ನನ್ನು ಎತ್ತಿ ಪೇದೆ ಕಲ್ಲಪ್ಪನ ಕೈಗೆ ಕೊಟ್ಟರು.

ಕಲ್ಲಪ್ಪ ಕೆಟ್ಟವನಲ್ಲ. ಮೊದಲ ಎರಡು ವಾರ ಬಿಸಿಲಲ್ಲಿ ಸೈಕಲ್ ತುಳಿದು ಬೆಳಿಗ್ಗೆ, ಸಂಜೆ ಬಂದ. 'ಮನೆಯವರನ್ನು ಕಂಡೆ, ಕ್ಷೇಮ' ಎಂದು ಬರೆದ. ನೀರು ಕೊಟ್ಟರೆ ಮಾತ್ರ ಮುಟ್ಟುತ್ತಿರಲಿಲ್ಲ.

"ಬ್ಯಾಡಬೇ, ಈಗ ಇಲ್ಲೇ ಚಾ ಕುಡದ ಬಂದೆ."

"ಎಲ್ಲಿ ಕುಡದ್ರಿ? ನಮ್ಮ ಓಣ್ಯಾಗ ಚಾದಂಗಡೀನ ಇಲ್ಲಲ್ರಿ," ಎಂದು ಅವಳು ನಗುತ್ತಿದ್ದಳು. ಅವನು ತಲೆ ಬಗ್ಗಿಸಿ ಸಹಿ ಹಾಕುತ್ತಿದ್ದ.

ಒಂದು ಭಾನುವಾರ ಸಂಜೆ ಅವನು ಬಹಳ ಹೊತ್ತು ಬರೆದ.

"ಏನ್ ಬರಿಯಾಕತ್ತೀರಿ ಅಷ್ಟೊತ್ತು?"

"ನಾಕ ದಿನದ್ದು ಒಮ್ಮೆ ಬರದ ಬಿಡತೀನಬೇ. ಮಂತ್ರಿ ಬರಾಕತ್ತಾರ, ನನ್ನ ಬಂದೋಬಸ್ತಿಗೆ ಹಾಕ್ಯಾರ. ಬದಲಿ ಕೊಡ್ರಿ ಅಂದ್ರ ಇಲ್ಲ ಅಂತಾರ. ಸಾಲು ಖಾಲಿ ಬಿಟ್ರ ನನಗ ಮೆಮೊ ಕೊಡ್ತಾರ. ಎಲ್ಲಾ ಪಾಯಿಂಟಿನಾಗೂ ಹಿಂಗ ಮಾಡೂದು."

"ನಾಳೆದ್ದು ಇವತ್ತ ಬರದ್ರ ನಾಳೆ ಯಾರ ಬರ್ತಾರ್ರಿ?"

"ಪುಸ್ತಕ ನೋಡೇ ಹೆದರ್ತಾರ, ತಗೋ," ಎಂದು ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ. ಅವಳ ಮುಖ ನೋಡಲಿಲ್ಲ.

ಸೋಮವಾರ ಯಾರೂ ಬರಲಿಲ್ಲ. ಮಂಗಳವಾರ ಮಧ್ಯಾಹ್ನ ಮೂವರು ಬಂದರು. ಪೊಲೀಸರ ಪುಸ್ತಕ ಕಂಡು ಬಾಗಿಲಲ್ಲೇ ನಿಂತರು. ಓಡಿ ಹೋಗುತ್ತಾರೆ ಎಂದುಕೊಂಡೆ. ಒಬ್ಬ ನನ್ನನ್ನು ತೆರೆದ. ಆ ಸಾಲುಗಳ ಮೇಲೆ ಬೆರಳಾಡಿಸಿದ.

"ಇವತ್ತ ಸಂಜೀದೂ ಆಗೇತ್ಲೆ. ನಾಳೆದೂ ಆಗೇತಿ. ಇನ್ನ ಯಾರೂ ಬರಂಗಿಲ್ಲ, ನಡೀರಿ."

ಕಾವಲಿಗೆಂದು ಕಟ್ಟಿದ ನಾನೇ ಅವರಿಗೆ ದಾರಿ ತೋರಿಸಿದೆ. ಕಬ್ಬಿಣದ ಸಲಾಕೆಯಿಂದ ಅವಳ ಬಲಗೈಯನ್ನು ಮೂರು ಕಡೆ ಮುರಿದರು. ದವಡೆ ಒಡೆದರು. ಕೂಗು ಕೇಳಿ ಪಕ್ಕದ ಮನೆಯವರು ಫೋನ್ ಮಾಡಿದರು. ಜೀಪು ಬರಲು ಒಂದೂವರೆ ತಾಸು ಹಿಡಿಯಿತು. ಜಿಲ್ಲೆಯ ಜೀಪುಗಳೆಲ್ಲ ಮಂತ್ರಿಯ ಹಿಂದಿದ್ದವು.

ಕಾವಲು ಕೊಡುವ ಹೊಣೆ ತಪ್ಪಿದ್ದಾರೆಂದು ಫಕೀರವ್ವ ಪೊಲೀಸರ ಮೇಲೆಯೇ ಕೋರ್ಟಿಗೆ ಹೋದಳು. ಸರ್ಕಾರಿ ವಕೀಲರು ನನ್ನನ್ನು ಎತ್ತಿ ಹಿಡಿದು, ಪೊಲೀಸರು ದಿನಕ್ಕೆರಡು ಸಲ ಹೋಗಿದ್ದಾರೆ, ದಾಖಲೆ ಇಲ್ಲಿದೆ ಎಂದರು. ಅವಳ ವಕೀಲೆ ನಸೀಮಾ ಎದ್ದು ನನ್ನನ್ನು ಇಸಿದುಕೊಂಡು ಮುಂದಿನ ಸಾಲು ಓದಿದರು. "ಬುಧವಾರ, ಬೆಳಿಗ್ಗೆ ಹತ್ತೂವರೆ. ಮನೆಯವರನ್ನು ಕಂಡೆ, ಕ್ಷೇಮ." ಆ ಹೊತ್ತಿಗೆ ಮನೆಯಾಕೆ ಆಸ್ಪತ್ರೆಯಲ್ಲಿ ಕೈಗೆ ರಾಡು ಹಾಕಿಸಿಕೊಳ್ಳುತ್ತಿದ್ದಳು.

ಸರ್ಕಾರಿ ವಕೀಲರು ವಾದ ಬದಲಿಸಿದರು. ಪೇದೆಯ ತಪ್ಪಿಗೆ ಪೇದೆಯನ್ನು ಶಿಕ್ಷಿಸಲಿ, ಪೊಲೀಸರ ಹೊಣೆ ಇರುವುದು ಸಾರ್ವಜನಿಕರ ಬಗ್ಗೆ, ಇಂಥ ಒಬ್ಬ ವ್ಯಕ್ತಿಯನ್ನು ಕಾಯಲೇಬೇಕೆಂಬ ಕರಾರು ಇಲಾಖೆ ಯಾರಿಗೂ ಬರೆದುಕೊಟ್ಟಿಲ್ಲ ಎಂದರು.

ಸಾರ್ವಜನಿಕರು! ಆ ಸಾರ್ವಜನಿಕರನ್ನು ನಾನು ಯಾವ ಬಾಗಿಲಲ್ಲೂ ಕಂಡಿಲ್ಲ. ಸಲಾಕೆಯ ಏಟು ಬೀಳುವುದು ಒಬ್ಬೊಬ್ಬರ ಮೂಳೆಗೆ. ಬಂಗಾರದ ಅಂಗಡಿಯ ಬಾಗಿಲಿಗೆ ನಿಲ್ಲುವಾಗ ಯಾವ ಪೇದೆಯೂ ಅದು ಸಾರ್ವಜನಿಕವೋ ಖಾಸಗಿಯೋ ಎಂದು ಕೇಳಿದ್ದು ನನಗೆ ಗೊತ್ತಿಲ್ಲ.

ಫಕೀರವ್ವ ನ್ಯಾಯಾಧೀಶರತ್ತ ಎಡಗೈ ಎತ್ತಿದಳು. ಒಡೆದ ದವಡೆಯಿಂದ ಮಾತು ನಿಧಾನವಾಗಿ ಬಂತು.

"ಒಂದ ಮಾತ ಕೇಳತೀನ್ರಿ ಸಾಹೇಬ್ರ. ಬರೂ ಸೋಮವಾರ ದುರಗಪ್ಪನ ಕೇಸಿನಾಗ ಸಾಕ್ಷಿ ಹೇಳಾಕ ಬಾ ಅಂತ ನನಗ ಸಮನ್ಸ್ ಬಂದೈತಿ. ಬರದಿದ್ರ ವಾರಂಟ್ ಅಂತ ಅದರಾಗ ಬರದಾರ. ವಾರಂಟ್ ತಗೊಂಡು ಯಾರ ಬರ್ತಾರ್ರಿ ನಮ್ಮ ಬಾಗಲಕ್ಕ?"

ಅವಳು ಬಾಗಿಲ ಬಳಿಯ ಪೇದೆಗಳತ್ತ ತಿರುಗಿದಳು.

"ಇದ ಪೊಲೀಸರು ಬರ್ತಾರ. ಅವತ್ತ ಮಂದಿ ಇಲ್ಲ ಅನ್ನಂಗಿಲ್ಲ. ನನ್ನ ಎಳಕೊಂಡ ಬರೂ ಹೊಣೆ ಐತಿ ಅವರಿಗೆ. ಕಾಯೂ ಹೊಣೆ ಇಲ್ಲೇನ್ರಿ?"

ನ್ಯಾಯಾಧೀಶರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ತೀರ್ಪು ಶುಕ್ರವಾರ ಬಂತು. ಕಲ್ಲಪ್ಪನ ಮೇಲೆ ಇಲಾಖಾ ವಿಚಾರಣೆ. ಅವನನ್ನು ಮಂತ್ರಿಯ ಹಿಂದೆ ಓಡಿಸಿದವರ ಹೆಸರು ತೀರ್ಪಿನಲ್ಲಿ ಇರಲಿಲ್ಲ. ಅರ್ಜಿ ವಜಾ.

"ಆ ಬಡವನ ನೌಕರಿ ಕಿತ್ಕೊಂಡ್ರ ನನ್ನ ಕೈ ಚಿಗೀತೈತೇನ್ರಿ?" ಎಂದು ಅವಳು ನಸೀಮಾ ಅವರನ್ನು ಕೇಳಿದಳು. ನಾನು ಅವಳನ್ನು ಕಂಡದ್ದು ಅದೇ ಕೊನೆ.

ಈಗ ಕೋರ್ಟಿನ ರೆಕಾರ್ಡ್ ಕೋಣೆಯಲ್ಲಿದ್ದೇನೆ. ಕೆಂಪು ದಾರ, ಬೆನ್ನಿಗೊಂದು ನಂಬರು. ಗೆದ್ದಲು ಕೆಳಗಿನ ಕಟ್ಟಿನವರೆಗೆ ಬಂದಿದೆ. ಆ ಸೋಮವಾರದ ಸಂಗತಿಯನ್ನು ಇಲ್ಲಿನ ಗುಮಾಸ್ತರ ಬಾಯಲ್ಲಿ ಕೇಳಿದೆ. ಅವತ್ತು ಮಾರುಕಟ್ಟೆಯಲ್ಲಿ ಒಂದು ಮೆಣಸಿನಕಾಯಿಯ ತೊಟ್ಟೂ ಮುರಿಯಲಿಲ್ಲವಂತೆ. ಎಂಬತ್ತು ಹೆಂಗಸರು ಕೆಲಸ ಬಿಟ್ಟು, ಫಕೀರವ್ವನನ್ನು ನಡುವೆ ಹಾಕಿಕೊಂಡು ಕೋರ್ಟಿನ ತನಕ ನಡೆದರಂತೆ. ಅವಳು ಕಟಕಟೆಯಲ್ಲಿ ನಿಂತು ಕೊಂದವರತ್ತ ಎಡಗೈ ಚಾಚಿ, ಇವರೇ ಅಂದಳಂತೆ.

ಹೊರಗೆ ಆ ಹೆಂಗಸರನ್ನು ತಡೆಯಲು ಎರಡು ವ್ಯಾನು ಪೊಲೀಸರು ಬಂದಿದ್ದರಂತೆ.